ಬೇರಿನ ತುದಿಯ ಒಂದೆರಡು ಮಿಲಿಮೀಟರ್

ಬಿತ್ತನೆಗೆಂದು ತೆಗೆದಿಟ್ಟ ತೊಗರಿ ಕಾಳಿನಲ್ಲಿ ನೂರಕ್ಕೆ ಒಂಬತ್ತು ಹತ್ತು ಪಾಲು ಮಾತ್ರ ನೀರಿರುತ್ತದೆ. ಅಷ್ಟು ಒಣಗಿರುವುದರಿಂದಲೇ ಅದು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಹದವಾದ ಮಣ್ಣಿಗೆ ಬಿದ್ದ ಕೂಡಲೇ ಕಾಳು ನೀರು ಹೀರತೊಡಗುತ್ತದೆ. ಈ ಮೊದಲ ಹೀರುವಿಕೆಗೆ ಕಾಳಿನಲ್ಲಿ ಜೀವವಿರಬೇಕೆಂದೇನೂ ಇಲ್ಲ, ಸತ್ತ ಕಾಳೂ ಹೀಗೆಯೇ ಉಬ್ಬುತ್ತದೆ. ಒಣಗಿದ ಪಿಷ್ಟ ಮತ್ತು ಪ್ರೋಟೀನು ನೀರನ್ನು ಸೆಳೆದುಕೊಳ್ಳುತ್ತವೆ, ಅಷ್ಟೇ. ಒಣಗಿದ್ದಾಗ ಜೀವಕೋಶಗಳ ಪೊರೆಗಳು ಅಸ್ತವ್ಯಸ್ತವಾಗಿರುತ್ತವೆ, ನೀರು ಕುಡಿದು ಮತ್ತೆ ಸರಿಯಾಗಿ ಕೂಡಿಕೊಳ್ಳಲು ಅವಕ್ಕೆ ಕೆಲವು ಗಂಟೆ ಬೇಕು. ಅಲ್ಲಿಯವರೆಗೆ ಒಳಗಿನ ಸಕ್ಕರೆ, ಲವಣಗಳು ಹೊರಗೆ ಸೋರುತ್ತವೆ, ಹೊರಗಿನ ನೀರಿನಲ್ಲಿ ಕರಗಿರುವುದು ಒಳಗೆ ಬರುತ್ತದೆ. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಹಿಡಿತ ಆ ಹೊತ್ತಿನಲ್ಲಿ ಬೀಜಕ್ಕೆ ಹೆಚ್ಚೇನೂ ಇರುವುದಿಲ್ಲ. ನಾವು ಬೀಜಕ್ಕೆ ಲೇಪಿಸಿದ ಔಷಧಿ ಕರಗತೊಡಗುವುದೂ ಅದೇ ಗಳಿಗೆಯಲ್ಲಿ.

ಬೀಜೋಪಚಾರವೇ ಬೇಡ ಎನ್ನಲು ಇದನ್ನು ಹೇಳುತ್ತಿಲ್ಲ. ಶೇಂಗಾ ಬೀಜವನ್ನು ಹಾಗೆಯೇ ಬಿತ್ತಿದರೆ ಬೀಜದ ಮೇಲೂ ಮಣ್ಣಿನಲ್ಲೂ ಕಾದಿರುವ ಕಪ್ಪು ಬೂಷ್ಟು ಎಳೆಯ ಸಸಿಯ ಕತ್ತನ್ನೇ ಕೊಳೆಸಿಬಿಡುತ್ತದೆ. ಕಿಲೋ ಬೀಜಕ್ಕೆ ಎರಡು ಮೂರು ಗ್ರಾಂ ಥೈರಾಮ್ ಶಿಲೀಂಧ್ರನಾಶಕ ಲೇಪಿಸಿದರೆ ಸಾಲಿನಲ್ಲಿ ಸಸಿ ನಿಲ್ಲುತ್ತದೆ. ಇದು ದಶಕಗಳಿಂದ ಹೊಲದಲ್ಲೇ ಸಾಬೀತಾಗಿರುವ ಮಾತು. ತೊಂದರೆ ಶುರುವಾಗುವುದು ಆ ಎರಡು ಮೂರು ಗ್ರಾಮಿನ ನಂತರ. ಮನೆಯಂಗಳದಲ್ಲಿ ಗೋಣಿತಾಟು ಹಾಸಿ, ಬೀಜ ಸುರುವಿ, ಪೊಟ್ಟಣ ಹರಿದು ಕೈಯಳತೆಯಲ್ಲಿ ಉದುರಿಸುವಾಗ ಮೂರು ಗ್ರಾಂ ಎಂಟು ಗ್ರಾಂ ಆಗಲು ಏನೂ ಹೊತ್ತು ಬೇಡ. ಸಿಂಪರಣೆಯಲ್ಲಿ ಅಳತೆ ಇನ್ನೂ ಸಡಿಲ. ರಸ ಹೀರುವ ಕೀಟಗಳಿಗೆ ಹೊಡೆಯುವ ಇಮಿಡಾಕ್ಲೋಪ್ರಿಡ್ ದ್ರಾವಣ ಲೀಟರ್ ನೀರಿಗೆ 0.3ರಿಂದ 0.5 ಮಿಲಿಲೀಟರ್ ಸಾಕು. ಹದಿನಾರು ಲೀಟರಿನ ಪಂಪಿಗೆ ಐದರಿಂದ ಎಂಟು ಮಿಲಿಲೀಟರ್. ಹೊಲದ ಬದುವಿನ ಮೇಲೆ ನಿಂತು ಅದನ್ನು ಅಳೆಯುವುದು ಬಾಟಲಿಯ ಮುಚ್ಚಳದಿಂದ. ಮುಚ್ಚಳದ ಅಳತೆ ಬಾಟಲಿಯಿಂದ ಬಾಟಲಿಗೆ ಬೇರೆ. ಅದರ ಮೇಲೆ, ಹುಳ ಸಾಯಲಿಲ್ಲವೆಂಬ ಆತಂಕಕ್ಕೆ ಇನ್ನೊಂದು ಮುಚ್ಚಳ.

ಹೆಚ್ಚಾದ ಆ ಮದ್ದು ಕೀಟವನ್ನು ದಾಟಿ ಬೆಳೆಗೆ ಏನು ಮಾಡುತ್ತದೆ ಎನ್ನುವುದು ಈ ಅಧ್ಯಾಯದ ವಿಷಯ. ರೈತರಿಗೂ ಎಷ್ಟೋ ಸಲ ಅಧಿಕಾರಿಗಳಿಗೂ ಇದು ತಪ್ಪಿಹೋಗಲು ಒಂದು ಕಾರಣವಿದೆ. ಮೊಳಕೆಯ ಎಣಿಕೆಯಲ್ಲಿ ಈ ಹಾನಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ನೂರು ಬೀಜ ಹಾಕಿ ತೊಂಬತ್ತು ಮೊಳೆತರೆ ಎಲ್ಲ ಸರಿಯಿದೆ ಎಂದುಕೊಳ್ಳುತ್ತೇವೆ. ಪೆಟ್ಟು ಬಿದ್ದಿರುವುದು ಮಣ್ಣಿನೊಳಗೆ, ಬೇರಿಗೆ. ಅದು ಮೇಲೆ ಕಾಣಿಸಿಕೊಳ್ಳುವ ಹೊತ್ತಿಗೆ ವಾರಗಳು ಕಳೆದಿರುತ್ತವೆ, ಆಗ ಬೀಜದ ಕಂಪನಿಯನ್ನೋ ಮಳೆಯನ್ನೋ ದೂರುತ್ತೇವೆ.

ಮೊದಲು ಬೀಜದೊಳಕ್ಕೆ ಹೋಗೋಣ. ಜೋಳ, ಭತ್ತ, ಗೋಧಿಯಂಥ ಧಾನ್ಯಗಳಲ್ಲಿ ನೀರು ಕುಡಿದ ಭ್ರೂಣ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಹೊರಬಿಡುತ್ತದೆ. ಅದು ಕಾಳಿನ ಸಿಪ್ಪೆಯ ಒಳಮೈಗೆ ಅಂಟಿಕೊಂಡಿರುವ ಅಲ್ಯುರಾನ್ ಎಂಬ ತೆಳು ಪದರವನ್ನು ತಲುಪಿದಾಗ ಆ ಪದರ ಅಮೈಲೇಸ್ ಕಿಣ್ವವನ್ನು ತಯಾರಿಸುತ್ತದೆ. ಅಮೈಲೇಸ್ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ, ಆ ಸಕ್ಕರೆಯಿಂದ ಬೇರೂ ಚಿಗುರೂ ಬೆಳೆಯುತ್ತವೆ. ರಾಗಿ ಮೊಳಕೆ ಕಟ್ಟಿದಾಗ ನಾಲಿಗೆಗೆ ಸಿಗುವ ಸಿಹಿ ಇದರದೇ. ಈಗ ಟ್ರಯಾಜೋಲ್ ಗುಂಪಿನ ಶಿಲೀಂಧ್ರನಾಶಕಗಳನ್ನು ನೋಡಿ. ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್, ಟೆಬುಕೊನಜೋಲ್ ಎಲ್ಲ ಈ ಗುಂಪಿನವು. ಶಿಲೀಂಧ್ರದ ಪೊರೆಗೆ ಬೇಕಾದ ಕೊಬ್ಬಿನಂಥ ವಸ್ತುವನ್ನು ತಯಾರಿಸುವ ಒಂದು ಕಿಣ್ವವನ್ನು ಇವು ತಡೆಯುತ್ತವೆ. ಅದೇ ಜಾತಿಯ ಇನ್ನೊಂದು ಕಿಣ್ವ ಗಿಡದಲ್ಲಿದೆ. ಅದರ ಕೆಲಸ ಜಿಬ್ಬರೆಲಿನ್ ತಯಾರಿಕೆ. ಮದ್ದು ಹೆಚ್ಚಾದಾಗ ಅದಕ್ಕೂ ತಡೆ ಬೀಳುತ್ತದೆ. ಮಾವಿನ ಮರಕ್ಕೆ ಪ್ಯಾಕ್ಲೊಬ್ಯೂಟ್ರಜೋಲ್ ಹಾಕಿ ಚಿಗುರನ್ನು ನಿಲ್ಲಿಸಿ ಹೂ ಬರಿಸುತ್ತಾರಲ್ಲ, ಆ ರಾಸಾಯನಿಕವೂ ಟ್ರಯಾಜೋಲೇ. ಅಲ್ಲಿ ಬೇಕೆಂದೇ ಮಾಡುವ ಕೆಲಸ ಇಲ್ಲಿ ಬೇಡದಿದ್ದರೂ ಆಗುತ್ತದೆ.

ಆಸ್ಟ್ರೇಲಿಯಾದ ಗೋಧಿ ಬೆಳೆಗಾರರು ಇದನ್ನು ಹೊಲದಲ್ಲೇ ಕಂಡವರು. ಗೋಧಿಯ ಚಿಗುರು ಮಣ್ಣನ್ನು ಸೀಳಿ ಮೇಲೆ ಬರುವುದು ಒಂದು ಕೊಳವೆಯಂಥ ಕವಚದೊಳಗೆ. ಕೆಲವು ಟ್ರಯಾಜೋಲ್ ಲೇಪ ಹಾಕಿದ ಬೀಜದಲ್ಲಿ ಈ ಕವಚ ಗಿಡ್ಡವಾಗುತ್ತದೆ. ಮೇಲೆಯೇ ಬಿತ್ತಿದರೆ ತೊಂದರೆಯಿಲ್ಲ. ತೇವ ಹುಡುಕಿ ಆಳಕ್ಕೆ ಬಿತ್ತಿದಾಗ ಮಣ್ಣಿನ ಮಟ್ಟ ಮುಟ್ಟುವ ಮೊದಲೇ ಕವಚದ ಉದ್ದ ಮುಗಿಯುತ್ತದೆ, ಒಳಗಿನ ಎಲೆ ಮಣ್ಣಿನಡಿಯಲ್ಲೇ ಬಿಚ್ಚಿಕೊಂಡು ಮಡಚಿ ಕೊಳೆಯುತ್ತದೆ. ಪ್ರಯೋಗಾಲಯದ ಒದ್ದೆ ಕಾಗದದ ಮೇಲೆ ಆ ಬೀಜಗಳೆಲ್ಲ ಚೆನ್ನಾಗಿಯೇ ಮೊಳೆತಿರುತ್ತವೆ. ಹಿಂಗಾರಿನಲ್ಲಿ ಎರೆ ಭೂಮಿಯ ತೇವ ಕೆಳಗಿಳಿದ ಮೇಲೆ ಕೂರಿಗೆಯನ್ನು ಆಳಕ್ಕೆ ಒತ್ತಿ ಬಿತ್ತುವ ಉತ್ತರ ಕರ್ನಾಟಕದವರು ಇದನ್ನು ಮನಸ್ಸಿನಲ್ಲಿಡಬೇಕು.

ಮೊಳಕೆಯಲ್ಲಿ ಮೊದಲು ಹೊರಬರುವುದು ಬೇರು. ಅದರ ತುದಿಯ ಒಂದೆರಡು ಮಿಲಿಮೀಟರ್ ಜಾಗದಲ್ಲಿ ಹೊಸ ಜೀವಕೋಶಗಳೆಲ್ಲ ಹುಟ್ಟುತ್ತವೆ, ಬೇರು ಎಷ್ಟೇ ಉದ್ದ ಬೆಳೆದರೂ ಆ ತಾಣ ತುದಿಯಲ್ಲೇ ಇರುತ್ತದೆ. ಒಂದು ಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆದು ಹಂಚಲು ಸೂಕ್ಷ್ಮ ನಾಳಗಳ ಒಂದು ಕದಿರು ಕಟ್ಟಿಕೊಳ್ಳುತ್ತದೆ. ಆ ನಾಳಗಳು ಟ್ಯುಬ್ಯುಲಿನ್ ಎಂಬ ಪ್ರೋಟೀನಿನಿಂದ ಆದವು. ಸ್ವೀಡನ್ನಿನ ವಿಜ್ಞಾನಿ ಆಲ್ಬರ್ಟ್ ಲೆವಾನ್ 1938ರಲ್ಲಿ ಈರುಳ್ಳಿಯ ಬೇರುಗಳನ್ನು ಕಾಲ್ಚಿಸಿನ್ ದ್ರಾವಣದಲ್ಲಿಟ್ಟು ಈ ಕದಿರು ಕಟ್ಟದೇ ಹೋಗುವುದನ್ನು ವಿವರಿಸಿದರು. ಅವರು ಬಳಸಿದ ಕಾಲ್ಚಿಸಿನ್ ನಮ್ಮ ಬೇಲಿಗಳ ಮೇಲೆ ಹಬ್ಬುವ ಅಗ್ನಿಶಿಖೆಯ ಗೆಡ್ಡೆಯಲ್ಲೂ ಇದೆ. ಅಂದಿನಿಂದ ಈರುಳ್ಳಿ ಬೇರು ರಾಸಾಯನಿಕಗಳ ವಿಷವನ್ನು ಅಳೆಯುವ ಅತ್ಯಂತ ಅಗ್ಗದ, ನಂಬಿಕಸ್ಥ ಸಾಧನವಾಗಿದೆ. ಒಂದು ಗ್ಲಾಸಿನ ನೀರಿನ ಮೇಲೆ ಈರುಳ್ಳಿಯ ಬುಡ ತಾಗುವಂತೆ ಕೂರಿಸಿದರೆ ಎರಡು ಮೂರು ದಿನಕ್ಕೆ ಬಿಳಿ ಬೇರುಗಳು ಇಳಿಯುತ್ತವೆ. ಇನ್ನೊಂದು ಗ್ಲಾಸಿನ ನೀರಿನಲ್ಲಿ ಕೀಟನಾಶಕವಿದ್ದರೆ ಬೇರು ಗಿಡ್ಡವಾಗಿ, ತುದಿ ದಪ್ಪವಾಗಿ, ಕಂದು ತಿರುಗಿ ನಿಲ್ಲುತ್ತದೆ. ಆ ತುದಿಯನ್ನು ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ವಿಭಜನೆಯಲ್ಲಿರುವ ಕೋಶಗಳ ಸಂಖ್ಯೆ ಇಳಿದಿರುವುದೂ, ವರ್ಣತಂತುಗಳು ತುಂಡಾಗಿ, ಅಂಟಿಕೊಂಡು, ಹಿಂದೆ ಉಳಿದಿರುವುದೂ ಕಾಣುತ್ತದೆ. ಹಲವು ಕೀಟನಾಶಕಗಳೊಂದಿಗೆ ಹಲವು ದೇಶಗಳಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಪ್ರಮಾಣ ಏರಿದಷ್ಟೂ ಬೇರು ಗಿಡ್ಡ ಎನ್ನುವುದು ಮತ್ತೆ ಮತ್ತೆ ಕಂಡ ಫಲಿತಾಂಶ.

ಬಾವಿಸ್ಟಿನ್ ಎಂದು ರೈತರಿಗೆ ಪರಿಚಿತವಾದ ಕಾರ್ಬೆಂಡಜಿಮ್ ಶಿಲೀಂಧ್ರದ ಟ್ಯುಬ್ಯುಲಿನ್ನಿಗೆ ಅಂಟಿಕೊಂಡು ಶಿಲೀಂಧ್ರವನ್ನು ಕೊಲ್ಲುತ್ತದೆ. ಗಿಡದ ಟ್ಯುಬ್ಯುಲಿನ್ ಸ್ವಲ್ಪ ಬೇರೆ ರಚನೆಯದಾದ್ದರಿಂದ ಲೇಬಲ್ಲಿನ ಪ್ರಮಾಣದಲ್ಲಿ ಗಿಡ ಪಾರಾಗುತ್ತದೆ. ಪ್ರಮಾಣ ಮೀರಿದಷ್ಟೂ ಆ ರಕ್ಷಣೆ ಸಡಿಲವಾಗುತ್ತದೆ. ಈರುಳ್ಳಿ, ಶೇಂಗಾ, ಹತ್ತಿ ಹೊಲಗಳಲ್ಲಿ ಬಿತ್ತಿದ ಕೂಡಲೇ ಹೊಡೆಯುವ ಪೆಂಡಿಮೆಥಾಲಿನ್ ಕಳೆನಾಶಕದ ಗುರಿಯೇ ಗಿಡದ ಟ್ಯುಬ್ಯುಲಿನ್. ಹಾಗಿದ್ದರೆ ಬೆಳೆ ಹೇಗೆ ಬದುಕುತ್ತದೆ? ಬಹುಮಟ್ಟಿಗೆ ಜಾಗದ ಬಲದಿಂದ. ಈ ಮದ್ದು ಮಣ್ಣಿನ ಕಣಗಳಿಗೆ ಬಿಗಿಯಾಗಿ ಅಂಟಿ ಮೇಲ್ಪದರದಲ್ಲೇ ಉಳಿಯುತ್ತದೆ, ಬೆಳೆಯ ಬೀಜ ಅದಕ್ಕಿಂತ ಕೆಳಗಿರುತ್ತದೆ. ಬೀಜ ಮೇಲೆಯೇ ಬಿದ್ದಿದ್ದರೆ, ಮದ್ದು ಎರಡು ಪಟ್ಟು ಬಿದ್ದಿದ್ದರೆ ಬೇರಿನ ತುದಿ ಊದಿಕೊಂಡು ಗದೆಯಂತಾಗುತ್ತದೆ, ಕವಲು ಬೇರುಗಳು ಮೊಂಡಾಗಿ ನಿಲ್ಲುತ್ತವೆ. ಮೇಲೆ ನೋಡಿದರೆ ಸಸಿ ಹಸಿರಾಗಿಯೇ ಇರುತ್ತದೆ. ಮಳೆ ಒಂದು ವಾರ ಕೈಕೊಟ್ಟಾಗ ಪಕ್ಕದ ಹೊಲಕ್ಕಿಂತ ಮೊದಲೇ ಬಾಡುತ್ತದೆ. ಬಾಡಿದ್ದು ಬರದಿಂದ ಎಂದೇ ಲೆಕ್ಕಕ್ಕೆ ಹೋಗುತ್ತದೆ.

ಇನ್ನೊಂದು ಬಗೆಯ ಹಾನಿಯಲ್ಲಿ ಮೊಳಕೆಯೂ ಸರಿ, ಬೇರೂ ಸರಿ, ಆದರೂ ಹೊಲ ಖಾಲಿಯಾಗುತ್ತದೆ. ದಾವಣಗೆರೆ, ಹಾವೇರಿ ಕಡೆಯ ಮೆಕ್ಕೆಜೋಳದ ಹೊಲಗಳಿಗೆ ಹೊಡೆಯುವ ಅಟ್ರಾಜಿನ್ ಕಳೆನಾಶಕ ಎಲೆಯ ಹರಿತ್ಕಣಗಳಲ್ಲಿ ಬೆಳಕಿನ ಶಕ್ತಿಯನ್ನು ಸಾಗಿಸುವ ಹಾದಿಯನ್ನು ಮುಚ್ಚುತ್ತದೆ. ಮೆಕ್ಕೆಜೋಳಕ್ಕೂ ಜೋಳಕ್ಕೂ ಅದನ್ನು ಬೇಗನೆ ನಿರ್ವಿಷ ಮಾಡುವ ಕಿಣ್ವಗಳಿವೆ. ದ್ವಿದಳ ಧಾನ್ಯಗಳಿಗೆ ಆ ಬಲ ಸಾಲದು. ಕ್ಷಾರ ಹೆಚ್ಚಿರುವ, ಒಣಗಿದ ಮಣ್ಣಿನಲ್ಲಿ ಅಟ್ರಾಜಿನ್ ನಿಧಾನವಾಗಿ ಒಡೆಯುತ್ತದೆ. ಹಾಗಾಗಿ ಅಗತ್ಯಕ್ಕಿಂತ ಹೆಚ್ಚು ಹೊಡೆದ, ಮಳೆ ಕಡಿಮೆಯಾದ ವರ್ಷ ಅದರ ಉಳಿಕೆ ಮುಂದಿನ ಬೆಳೆಯ ಕಾಲಕ್ಕೂ ಇರುತ್ತದೆ. ಅಲ್ಲಿ ಬಿತ್ತಿದ ದ್ವಿದಳದ ಬೀಜ ಚೆನ್ನಾಗಿ ಮೊಳೆಯುತ್ತದೆ. ಬೀಜದಳದಲ್ಲಿ ಕೂಡಿಟ್ಟ ಆಹಾರ ಇರುವವರೆಗೆ ಬೆಳೆಯುತ್ತದೆ. ಸ್ವಂತ ಎಲೆಯ ದುಡಿಮೆಯ ಮೇಲೆ ನಿಲ್ಲಬೇಕಾದ ದಿನ ಬಂದಾಗ ಎಲೆಯಂಚು ಹಳದಿಯಾಗಿ, ಸುಟ್ಟಂತಾಗಿ ಸಸಿ ಸಾಯುತ್ತದೆ. ಬೀಜ ನಕಲಿ ಎಂದು ದೂರು ಕೊಡಲು ಇಂಥ ಹೊಲದ ರೈತ ಹೋದರೆ ಅಲ್ಲಿ ನಡೆಯುವುದು ಮೊಳಕೆ ಪರೀಕ್ಷೆ. ಆ ಪರೀಕ್ಷೆಯಲ್ಲಿ ಬೀಜ ಪಾಸಾಗುತ್ತದೆ. ರೈತನ ನಷ್ಟಕ್ಕೆ ಯಾರೂ ಹೊಣೆಯಾಗದೇ ಹೋಗುವುದು ಹೀಗೆ. ಇದು ನನಗೆ ಬಹಳ ಅನ್ಯಾಯವಾಗಿ ಕಾಣುತ್ತದೆ.

ಬೆಳೆಯ ಗಿಡಕ್ಕೆ ವಿಷವನ್ನು ಒಡೆಯುವ ಶಕ್ತಿ ಇದೆ ಎಂದೆನಲ್ಲ, ಆ ಶಕ್ತಿಯನ್ನೇ ಇನ್ನೊಂದು ವಿಷ ಕಟ್ಟಿಹಾಕಬಲ್ಲದು. ಭತ್ತದ ಗದ್ದೆಯ ಹುಲ್ಲನ್ನು ಕೊಲ್ಲಲು ಪ್ರೊಪಾನಿಲ್ ಎಂಬ ಕಳೆನಾಶಕ 1960ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಭತ್ತವೂ ಹುಲ್ಲಿನ ಜಾತಿಯದೇ. ಆದರೂ ಅದು ಬದುಕುತ್ತಿತ್ತು, ಏಕೆಂದರೆ ಭತ್ತದ ಎಲೆಯ ಒಂದು ಕಿಣ್ವ ಪ್ರೊಪಾನಿಲ್ಲನ್ನು ತುಂಡರಿಸುತ್ತದೆ. ಆರ್ಗನೋಫಾಸ್ಫೇಟ್ ಅಥವಾ ಕಾರ್ಬಮೇಟ್ ಗುಂಪಿನ ಕೀಟನಾಶಕವನ್ನು ಅದರ ಜೊತೆಗೋ ಆಸುಪಾಸಿನ ದಿನಗಳಲ್ಲೋ ಹೊಡೆದ ಗದ್ದೆಗಳಲ್ಲಿ ಮಾತ್ರ ಭತ್ತವೂ ಸುಟ್ಟುಹೋಯಿತು. ಕೀಟದ ನರದ ಕಿಣ್ವವನ್ನು ಕಟ್ಟಿಹಾಕಲು ಮಾಡಿದ ಮದ್ದು ಭತ್ತದ ರಕ್ಷಕ ಕಿಣ್ವವನ್ನೂ ಕಟ್ಟಿಹಾಕಿತ್ತು. ಎರಡನ್ನೂ ಜೊತೆಗೆ ಬಳಸಬಾರದೆಂಬ ಎಚ್ಚರಿಕೆ ಆಮೇಲೆ ಲೇಬಲ್ಲಿಗೇ ಸೇರಿತು. ಮೆಕ್ಕೆಜೋಳದಲ್ಲೂ ಇಂಥದೇ ಇನ್ನೊಂದು ಜೋಡಿ ಗೊತ್ತಿದೆ. ಮಣ್ಣಿಗೆ ಹಾಕುವ ಟರ್ಬುಫಾಸ್ ಕೀಟನಾಶಕವೂ ಎಲೆಗೆ ಹೊಡೆಯುವ ನಿಕೊಸಲ್ಫ್ಯುರಾನ್ ಕಳೆನಾಶಕವೂ ಸೇರಿದರೆ ಬೆಳೆ ಗಿಡ್ಡಾಗುತ್ತದೆ.

ನಮ್ಮಲ್ಲಿ ಕೀಟಕ್ಕೊಂದು, ರೋಗಕ್ಕೊಂದು, ಟಾನಿಕ್ಕೊಂದು, ಅಂಟಿಗೊಂದು ಎಂದು ನಾಲ್ಕು ಬಾಟಲಿಗಳನ್ನು ಒಂದೇ ಪಂಪಿಗೆ ಸುರಿಯುವುದು ದಿನನಿತ್ಯದ ಮಾತು. ಕೂಲಿ ಉಳಿಯುತ್ತದೆ, ನಿಜ. ಗೊಬ್ಬರದಂಗಡಿಯವರು ಚೀಟಿಯಲ್ಲಿ ಬರೆದುಕೊಟ್ಟದ್ದೂ ಹಾಗೆಯೇ ಇರುತ್ತದೆ. ಒಂದೊಂದೂ ತನ್ನಷ್ಟಕ್ಕೆ ಸರಿಯಾದ ಪ್ರಮಾಣದಲ್ಲಿದ್ದರೂ ಒಟ್ಟಾದಾಗ ಗಿಡದ ಮೇಲೆ ಬೀಳುವ ಹೊರೆ ಬೇರೆಯೇ. 2021–22ರಲ್ಲಿ ಹೊಸ ಜಾತಿಯ ನುಸಿ ಮೆಣಸಿನಕಾಯಿಯ ಹೂವಿಗೆ ಮುತ್ತಿದಾಗ ದಕ್ಷಿಣದ ರಾಜ್ಯಗಳ ರೈತರು ಕೈಗೆ ಸಿಕ್ಕಿದ್ದನ್ನೆಲ್ಲ ಹೊಡೆದರು. ಕಣ್ಣೆದುರು ಹೂ ಉದುರುತ್ತಿರುವಾಗ ಸುಮ್ಮನಿರುವುದು ಯಾರಿಂದಲೂ ಆಗದು. ಬಿಸಿಲಲ್ಲಿ ಹೊಡೆದ ಗಂಧಕ ಕುಂಬಳ, ಸೌತೆ ಜಾತಿಯ ಎಲೆಯನ್ನು ಸುಡುತ್ತದೆ ಎನ್ನುವಂಥ ಸಣ್ಣ ತಿಳಿವಳಿಕೆಯನ್ನೂ ಹೇಳುವವರು ಆ ಹೊತ್ತಿನಲ್ಲಿ ಹೊಲದ ಹತ್ತಿರ ಇರಬೇಕಿತ್ತು.

ಇಲ್ಲಿಯವರೆಗಿನ ಮದ್ದುಗಳು ತಿಂಗಳಲ್ಲೋ ವರ್ಷದಲ್ಲೋ ಒಡೆದುಹೋಗುವಂಥವು. ಲೋಹಗಳಿಗೆ ಆ ಗುಣವಿಲ್ಲ. ಫ್ರಾನ್ಸಿನ ಬೋರ್ಡೋದಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಯ ರೋಗಕ್ಕೆಂದು ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಪ್ರಕಟಿಸಿದರು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು, ಅದೇ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ತಂದರು. ಇಂದಿಗೂ ಮಳೆಗಾಲಕ್ಕೆ ಮುಂಚೆ ಮರವೇರಿ ಗೊನೆಗಳಿಗೆ ಹೊಡೆಯುವುದು ಅದನ್ನೇ. ಅಡಿಕೆಯನ್ನು ಉಳಿಸಿದ ಮದ್ದು ಅದು, ಅದರ ಉಪಕಾರವನ್ನು ಮರೆಯಬಾರದು. ಆದರೆ ಅದರಲ್ಲಿರುವ ತಾಮ್ರ ಎಲ್ಲಿಗೂ ಹೋಗುವುದಿಲ್ಲ.

ಹೀಗೆ ಮಣ್ಣಿನಲ್ಲೇ ಉಳಿದ ತಾಮ್ರದಿಂದ ಏನಾಗಬಹುದು ಎನ್ನುವುದಕ್ಕೆ ಮಧ್ಯ ಅಮೆರಿಕದ ಕೋಸ್ಟರಿಕಾ ಸಾಕ್ಷಿ. 1930ರ ದಶಕದಲ್ಲಿ ಅಲ್ಲಿನ ದೊಡ್ಡ ಬಾಳೆ ತೋಟಗಳಿಗೆ ಸಿಗಟೋಕಾ ಎಲೆಚುಕ್ಕೆ ರೋಗ ಬಂದಾಗ ಕೊಳವೆ ಸಾಲುಗಳನ್ನೇ ಹಾಕಿ ವರ್ಷಗಟ್ಟಲೆ ಬೋರ್ಡೋ ದ್ರಾವಣ ಸಿಂಪಡಿಸಿದರು. ತೋಟಗಳನ್ನು ಕೈಬಿಟ್ಟ ಮೇಲೆ ನೈಋತ್ಯ ಭಾಗದ ಆ ಜಮೀನಿನಲ್ಲಿ ಬೇರೆ ಬೆಳೆ ಹಾಕಿದವರಿಗೆ ಸಸಿ ಏಳಲಿಲ್ಲ, ಎದ್ದರೂ ಹಳದಿಯಾಗಿ ಗಿಡ್ಡವಾಯಿತು. ಮಣ್ಣಿನಲ್ಲಿ ತಾಮ್ರ ತುಂಬಿತ್ತು. ಅತಿಯಾದ ತಾಮ್ರ ಮೊದಲು ಹಿಡಿಯುವುದು ಬೇರಿನ ತುದಿಯನ್ನೇ. ಬೇರು ಕಂದಾಗಿ ಮೊಂಡಾಗುತ್ತದೆ, ಕಬ್ಬಿಣವನ್ನು ಹೀರುವುದಕ್ಕೆ ತಡೆಯಾಗಿ ಎಲೆ ಹಳದಿಯಾಗುತ್ತದೆ. ಸಾವಯವ ಅಂಶ ಹೆಚ್ಚಿರುವ ಮಣ್ಣು ತಾಮ್ರವನ್ನು ಹಿಡಿದಿಟ್ಟು ಬೇರಿಗೆ ಸಿಗದಂತೆ ಮಾಡುತ್ತದೆ, ಹುಳಿ ಮಣ್ಣು ಅದನ್ನು ಬಿಟ್ಟುಕೊಡುತ್ತದೆ. ಮಲೆನಾಡಿನ ಮಣ್ಣಿನಲ್ಲಿ ಎರಡೂ ಗುಣಗಳಿವೆ. ತೋಟಕ್ಕೆ ಸೊಪ್ಪು ಹಾಕುವ, ಸುಣ್ಣ ಕೊಡುವ ಹಳೆಯ ಪದ್ಧತಿ ಹೀಗೆ ಹೊಸ ಅಡಿಕೆ ಸಸಿಯ ಬೇರನ್ನೂ ಕಾಯುತ್ತದೆ. ಹಳೆಯ ತೋಟ ತೆಗೆದು ಹೊಸದು ಕಟ್ಟುವವರು ಮಣ್ಣು ಪರೀಕ್ಷೆಯಲ್ಲಿ ತಾಮ್ರವನ್ನೂ ಕೇಳಿ ಬರೆಸಿಕೊಳ್ಳಲಿ.

ಅಮೆರಿಕದ ದಕ್ಷಿಣದ ಕಥೆ ಇನ್ನೂ ವಿಚಿತ್ರ. ಅಲ್ಲಿ ಹತ್ತಿಯ ಕಾಯಿಕೊರಕ ಮೂತಿಹುಳಕ್ಕೆ ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಆರ್ಸೆನಿಕ್ ಪುಡಿ ಎರಚುತ್ತಿದ್ದರು. ಆಮೇಲೆ ಅಂಥ ಎಷ್ಟೋ ಜಮೀನು ಭತ್ತದ ಗದ್ದೆಯಾಯಿತು. ಬೀಜ ಮೊಳೆಯಿತು, ಪೈರು ಹಸಿರಾಗಿ ತೆನೆ ಹೊಡೆಯಿತು. ಮಾಗುವ ಕಾಲಕ್ಕೆ ತೆನೆಗಳು ಬಾಗಲೇ ಇಲ್ಲ. ಬಾಗಿಸುವ ತೂಕ ಅವುಗಳಲ್ಲಿರಲಿಲ್ಲ, ಕಾಳಿನ ಜಾಗದಲ್ಲಿ ಬರೀ ಜೊಳ್ಳು. ನೇರ ನಿಂತ ತೆನೆಗೆ ಆರ್ಸೆನಿಕ್ ಒಂದೇ ಕಾರಣವಲ್ಲ, ಆದರೆ ಹಳೆಯ ಹತ್ತಿ ಹೊಲಗಳಲ್ಲಿ ಮುಖ್ಯ ಕಾರಣ ಅದೇ. ನೀರು ನಿಂತ ಗದ್ದೆಯಲ್ಲಿ ಆರ್ಸೆನಿಕ್ ಬೇರಿಗೆ ಹೆಚ್ಚು ಸಿಗುವ ರೂಪಕ್ಕೆ ತಿರುಗುತ್ತದೆ, ಆದ್ದರಿಂದ ಹತ್ತಿಗೆ ಅಷ್ಟಾಗಿ ತಟ್ಟದ ವಿಷ ಭತ್ತಕ್ಕೆ ತಟ್ಟಿತು.

ಬೇರು ಒಂಟಿಯಾಗಿ ಬದುಕುವುದಿಲ್ಲ. ತೊಗರಿ, ಶೇಂಗಾ, ಸೋಯಾಬೀನ್ ಬೇರುಗಳು ಫ್ಲಾವನಾಯ್ಡ್ ಎಂಬ ವಸ್ತುಗಳನ್ನು ಮಣ್ಣಿಗೆ ಬಿಟ್ಟು ರೈಜೋಬಿಯಂ ಅಣುಜೀವಿಯನ್ನು ಕರೆಯುತ್ತವೆ. ಅದು ಬಂದು ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಜೆನಿಫರ್ ಫಾಕ್ಸ್ ಮತ್ತು ಸಂಗಡಿಗರು 2007ರಲ್ಲಿ ಕುದುರೆ ಮೆಂತೆಯ ಮೇಲೆ ನಡೆಸಿದ ಅಧ್ಯಯನದಲ್ಲಿ ಮಿಥೈಲ್ ಪ್ಯಾರಾಥಿಯಾನ್, ಡಿಡಿಟಿ, ಪೆಂಟಾಕ್ಲೋರೋಫಿನಾಲ್ ಮುಂತಾದವು ಈ ಕರೆ ಅಣುಜೀವಿಗೆ ಮುಟ್ಟದಂತೆ ಮಾಡುತ್ತವೆಂದು ತೋರಿಸಿದರು. ಗಂಟು ಕಡಿಮೆಯಾಯಿತು, ಇಳುವರಿಯೂ ಇಳಿಯಿತು. ಬಿತ್ತಿ ಐದಾರು ವಾರವಾದ ಶೇಂಗಾ ಗಿಡವನ್ನು ಮಣ್ಣು ಸಮೇತ ಎತ್ತಿ ತೊಳೆದು ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ಅದು ದುಡಿಯುತ್ತಿದೆ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಳಗದ ಪ್ರೋಟೀನೊಂದು ಆ ಬಣ್ಣ ಕೊಡುತ್ತದೆ. ಒಳಗೆ ಬೂದು ಅಥವಾ ಹಸಿರಿದ್ದರೆ ಅದರಿಂದ ಪ್ರಯೋಜನವಿಲ್ಲ. ಬೇರಿಗೆ ರಂಜಕ ತಂದುಕೊಡುವ ಮೈಕೊರೈಜಾ ಶಿಲೀಂಧ್ರಗಳದೂ ಇದೇ ಪಾಡು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ಅವರ ಬಳಗ ದಶಕಗಳ ಕಾಲ ಅಭ್ಯಾಸ ಮಾಡಿದ ಜೀವಿಗಳಿವು. ಕಾರ್ಬೆಂಡಜಿಮ್‌ನ ಬಳಗದ ಬೆನೊಮಿಲ್ ಇವನ್ನು ಎಷ್ಟು ಚೆನ್ನಾಗಿ ಅಡಗಿಸುತ್ತದೆಂದರೆ ಮೈಕೊರೈಜಾ ಇಲ್ಲದ ಮಣ್ಣಿನಲ್ಲಿ ಗಿಡ ಹೇಗಿರುತ್ತದೆಂದು ನೋಡಬೇಕಾದ ವಿಜ್ಞಾನಿಗಳು ಅದನ್ನೇ ಸುರಿಯುತ್ತಾರೆ.

ಪ್ರಯೋಗಾಲಯದ ಫಲಿತಾಂಶಗಳನ್ನು ಓದುವಾಗ ಒಂದು ಎಚ್ಚರ ಬೇಕು. ಅನೇಕ ಅಧ್ಯಯನಗಳು ಬೀಜವನ್ನು ಹೊಲದಲ್ಲಿ ಸಿಗುವುದಕ್ಕಿಂತ ಗಾಢವಾದ ದ್ರಾವಣದಲ್ಲಿ ನೆನೆಸುತ್ತವೆ. ಮಣ್ಣಿನ ಜೇಡಿ, ಸಾವಯವ ಅಂಶ, ಅಣುಜೀವಿಗಳು ಹೊಲದಲ್ಲಿ ವಿಷವನ್ನು ತಗ್ಗಿಸುತ್ತವೆ. ಸರಿಯಾದ ಪ್ರಮಾಣದ ಇಮಿಡಾಕ್ಲೋಪ್ರಿಡ್ ಗಿಡದ ರೋಗನಿರೋಧ ಶಕ್ತಿಯನ್ನು ತುಸು ಎಚ್ಚರಿಸುತ್ತದೆಂಬ ಸಂಶೋಧನೆಯೂ ಇದೆ. ಇಡೀ ಭಾರತದಲ್ಲಿ ಹೆಕ್ಟೇರಿಗೆ ಸರಾಸರಿ ಕೀಟನಾಶಕ ಬಳಕೆ ಚೀನಾ, ಜಪಾನ್‌ಗಳಿಗಿಂತ ಬಹಳ ಕಡಿಮೆ ಎನ್ನುವುದೂ ನಿಜ. ಆದರೆ ಆ ಸರಾಸರಿಯಲ್ಲಿ ಒಮ್ಮೆಯೂ ಮದ್ದು ಕಾಣದ ಲಕ್ಷಾಂತರ ಎಕರೆ ಮಳೆಯಾಶ್ರಿತ ಭೂಮಿ ಸೇರಿದೆ. ಹತ್ತಿ, ಮೆಣಸಿನಕಾಯಿ, ದ್ರಾಕ್ಷಿ, ಟೊಮೆಟೊ ಹೊಲಗಳ ಸ್ಥಿತಿ ಸರಾಸರಿಯಿಂದ ತಿಳಿಯುವುದಿಲ್ಲ.

ಪ್ರಮಾಣಿತ ಬೀಜಕ್ಕೆ ನಮ್ಮ ದೇಶದಲ್ಲಿ ಕನಿಷ್ಠ ಮೊಳಕೆ ಭತ್ತಕ್ಕೆ ಶೇ. 80, ರಾಗಿ ಮತ್ತು ತೊಗರಿಗೆ ಶೇ. 75, ಶೇಂಗಾಕ್ಕೆ ಶೇ. 70 ಇರಬೇಕು. ಈ ಲೆಕ್ಕದಲ್ಲಿ ಬೇರಿನ ಉದ್ದಕ್ಕೆ ಸ್ಥಾನವಿಲ್ಲ. ಬೀಜ ವಿಜ್ಞಾನಿಗಳ ಬಳಿ ಇದಕ್ಕಿಂತ ಸೂಕ್ಷ್ಮವಾದ ಅಳತೆಯಿದೆ. ಅಬ್ದುಲ್ ಬಾಕಿ ಮತ್ತು ಆಂಡರ್ಸನ್ 1973ರಲ್ಲಿ ಸೂಚಿಸಿದಂತೆ ಶೇಕಡಾ ಮೊಳಕೆಯನ್ನು ಸಸಿಯ ಸರಾಸರಿ ಉದ್ದದಿಂದ ಗುಣಿಸಿದರೆ ಬೀಜದ ಕಸುವಿನ ಸೂಚ್ಯಂಕ ಸಿಗುತ್ತದೆ. ಎರಡು ರಾಶಿಯಲ್ಲೂ ಶೇ. 90 ಮೊಳಕೆ ಬಂದು, ಒಂದರ ಸಸಿ ಬೇರು ಸೇರಿ 20 ಸೆಂಟಿಮೀಟರ್, ಇನ್ನೊಂದರದು 12 ಸೆಂಟಿಮೀಟರ್ ಇದ್ದರೆ ಸೂಚ್ಯಂಕ 1800 ಮತ್ತು 1080. ಮೊದಲ ಲೆಕ್ಕದಲ್ಲಿ ಅಡಗಿದ್ದ ವ್ಯತ್ಯಾಸ ಇಲ್ಲಿ ಹೊರಬರುತ್ತದೆ. ಇದಕ್ಕೆ ಬೇಕಾದ್ದು ಒದ್ದೆ ಬಟ್ಟೆ ಮತ್ತು ಒಂದು ಸ್ಕೇಲು.

ಬೀಜೋಪಚಾರ ಮಾಡುವಾಗ ಮೊದಲು ಶಿಲೀಂಧ್ರನಾಶಕ, ಅದು ಆರಿದ ಮೇಲೆ ಕೀಟನಾಶಕ, ಕಟ್ಟಕಡೆಗೆ, ಬಿತ್ತುವ ಮುನ್ನ ನೆರಳಿನಲ್ಲಿ ರೈಜೋಬಿಯಂ. ಥೈರಾಮ್, ಕ್ಯಾಪ್ಟಾನ್‌ಗಳನ್ನು ರೈಜೋಬಿಯಂ ಜೊತೆಗೇ ಕಲಸಿದರೆ ಹಣ ಕೊಟ್ಟು ತಂದ ಅಣುಜೀವಿಗಳು ಗೋಣಿತಾಟಿನ ಮೇಲೆಯೇ ಸಾಯುತ್ತವೆ. ಹಿಂದಿನ ಬೆಳೆಗೆ ಹೊಡೆದ ಕಳೆನಾಶಕದ ಬಗ್ಗೆ ಸಂಶಯವಿದ್ದರೆ ಬಿತ್ತನೆಗೆ ತಿಂಗಳ ಮುಂಚೆ ಆ ಹೊಲದ ನಾಲ್ಕೈದು ಕಡೆಯಿಂದ ಮೇಲ್ಮಣ್ಣು ತೆಗೆದು ಒಂದು ಕುಂಡಕ್ಕೆ, ಮದ್ದು ಬೀಳದ ಬದುವಿನ ಅದೇ ಬಗೆಯ ಮಣ್ಣನ್ನು ಇನ್ನೊಂದು ಕುಂಡಕ್ಕೆ ತುಂಬಿ, ಬಿತ್ತಬೇಕೆಂದಿರುವ ಬೆಳೆಯ ಹತ್ತು ಹತ್ತು ಬೀಜ ಹಾಕಿ. ಕುಂಡಗಳು ಬಿಸಿಲಿನಲ್ಲಿರಬೇಕು, ಏಕೆಂದರೆ ಅಟ್ರಾಜಿನ್ ಹಾನಿ ತೋರುವುದು ಬೆಳಕಿನಲ್ಲಿ. ಮೊಳಕೆ ಬಂದ ಕೂಡಲೇ ಪರೀಕ್ಷೆ ಮುಗಿಸಬೇಡಿ, ಮೂರು ವಾರ ಕಾಯಿರಿ. ಆಮೇಲೆ ಎರಡೂ ಕುಂಡದ ಸಸಿಗಳನ್ನು ಬೇರು ಹರಿಯದಂತೆ ನೀರಿನಲ್ಲಿ ಬಿಡಿಸಿ ಒಂದರ ಪಕ್ಕ ಒಂದಿಟ್ಟು ಅಳೆಯಿರಿ. ಹೊಲದ ಮಣ್ಣಿನ ಸಸಿಯ ಎಲೆಯಂಚು ಹಳದಿಯಾಗಿದ್ದರೆ ಈ ಸಲ ಅಲ್ಲಿ ತೊಗರಿ ಬೇಡ, ಅಟ್ರಾಜಿನ್ ತಾಳುವ ಜೋಳವನ್ನೋ ಮೆಕ್ಕೆಜೋಳವನ್ನೋ ಮತ್ತೊಮ್ಮೆ ಹಾಕಿ, ಈ ಬಾರಿ ಅಟ್ರಾಜಿನ್ ಇಲ್ಲದೆ ಎಡೆಕುಂಟೆ ಹೊಡೆದು ಕಳೆ ತೆಗೆಯಿರಿ.